ನೆಟ್‌ವರ್ಕ್ ಬೂಟ್‌ಗಾಗಿ ಲಿನಕ್ಸ್ ಕರ್ನಲ್ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸ್ಕ್ ಇಲ್ಲದ, ಅಥವಾ ಡಿಸ್ಕ್ ಇದ್ದರೂ ಅದನ್ನು ಮುಟ್ಟದೆ ನೆಟ್‌ವರ್ಕ್‌ನಿಂದಲೇ ಏಳಬೇಕಾದ ಕಂಪ್ಯೂಟರಿಗೆ ಕರ್ನಲ್ (ಆಪರೇಟಿಂಗ್ ಸಿಸ್ಟಮಿನ ತಿರುಳು) ಕಟ್ಟಲು ಹೊರಟವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಮುಖ್ಯವಾಗಿ ಎಕ್ಸ್86 ಮಷೀನು ಮತ್ತು ಎನ್‌ಎಫ್‌ಎಸ್ ರೂಟ್ ಫೈಲ್ ಸಿಸ್ಟಮನ್ನು (ಸರ್ವರಿನಲ್ಲಿದ್ದು ನೆಟ್‌ವರ್ಕ್ ಮೂಲಕ ಬಳಸುವ ಮೂಲ ಫೈಲ್ ಸಿಸ್ಟಮ್; ಮುಂದೆ ಬರಿಯ ರೂಟ್) ಗಮನದಲ್ಲಿಟ್ಟು ಉತ್ತರಿಸಿದ್ದೇನೆ. ಆಯ್ಕೆಗಳ, ಕಮ್ಯಾಂಡ್‌ಗಳ ಹೆಸರುಗಳನ್ನು ಬಾಯಲ್ಲಿ ಹೇಳುವಂತೆ ಕನ್ನಡದಲ್ಲೇ ಬರೆದಿದೆ. ಕರ್ನಲಿನ ಆಯ್ಕೆಗಳ ಮೆನುವಾದ ಮೆನುಕಾನ್ಫಿಗ್ ತೆರೆದು ಸ್ಲ್ಯಾಶ್ ಕೀಲಿ ಒತ್ತಿ ಹುಡುಕಿದರೆ ಪ್ರತಿಯೊಂದೂ ತನ್ನ ಮೂಲ ಕಾಗುಣಿತದಲ್ಲಿ ಸಿಗುತ್ತದೆ.

ನೆಟ್‌ವರ್ಕ್ ಬೂಟ್ ಆಗುವಾಗ ನಿಜಕ್ಕೂ ಏನೇನು ನಡೆಯುತ್ತದೆ?

ಮೊದಲು ನೆಟ್‌ವರ್ಕ್ ಕಾರ್ಡಿನ ರೋಮ್ ಚಿಪ್ಪಿನಲ್ಲೋ ಯುಇಎಫ್‌ಐ (ಹಳೆಯ ಬಯೋಸ್ ಬದಲು ಬಂದ ಫರ್ಮ್‌ವೇರ್) ಒಳಗೋ ಇರುವ ನೆಟ್‌ವರ್ಕ್ ಬೂಟ್ ಪ್ರೋಗ್ರಾಂ ಪಿಎಕ್ಸ್‌ಇ ಎಚ್ಚೆತ್ತು, ವಿಳಾಸ ಹಂಚುವ ಡಿಎಚ್‌ಸಿಪಿ ಮೂಲಕ ವಿಳಾಸ ಕೇಳುತ್ತದೆ. ಸರ್ವರ್ ಐಪಿ ವಿಳಾಸದ ಜೊತೆಗೆ ಯಾವ ಸರ್ವರಿನಿಂದ ಯಾವ ಫೈಲ್ ತರಬೇಕೆಂದೂ ಹೇಳುತ್ತದೆ. ಡಿಎಚ್‌ಸಿಪಿಯ 66 ಮತ್ತು 67ನೇ ಆಯ್ಕೆಗಳು ಇರುವುದು ಇದಕ್ಕೇ. ಆ ಫೈಲ್ ಒಂದು ಬೂಟ್‌ಲೋಡರ್. ಅದು ಟಿಎಫ್‌ಟಿಪಿ ಎಂಬ ಸರಳ ಫೈಲ್ ವರ್ಗಾವಣೆ ವಿಧಾನದ ಮೂಲಕ, ಯುಡಿಪಿಯ 69ನೇ ಪೋರ್ಟಿನಿಂದ ಇಳಿಯುತ್ತದೆ. ಬೂಟ್‌ಲೋಡರ್ ತನ್ನ ಕಾನ್ಫಿಗ್ ಫೈಲ್ ಓದಿ, ಕರ್ನಲನ್ನೂ, ಬೇಕಿದ್ದರೆ ಇನಿಟ್‌ರಾಮ್‌ಎಫ್‌ಎಸ್ ಅನ್ನೂ (ಬೂಟ್ ಆರಂಭದಲ್ಲಿ ಮೆಮೊರಿಯಲ್ಲಿರುವ ಪುಟ್ಟ ಫೈಲ್ ಸಿಸ್ಟಮ್) ಮೆಮೊರಿಗೆ ತಂದು, ಕರ್ನಲಿಗೆ ಅಧಿಕಾರ ಬಿಟ್ಟುಕೊಡುತ್ತದೆ.

ಬಹುತೇಕ ಎಲ್ಲ ತೊಂದರೆಗಳ ಬೇರು ಇರುವುದು ಇದರ ನಂತರದ ಕ್ಷಣದಲ್ಲಿ. ಪಿಎಕ್ಸ್‌ಇ ಪಡೆದ ವಿಳಾಸ, ಅದು ಬಳಸಿದ ಡ್ರೈವರ್, ಯಾವುದೂ ಕರ್ನಲಿಗೆ ತಾನಾಗಿ ದಾಟಿ ಬರುವುದಿಲ್ಲ. ಕರ್ನಲ್ ಕಾರ್ಡನ್ನು ಮತ್ತೆ ಮೊದಲಿನಿಂದ ಗುರುತಿಸಬೇಕು, ಕೇಬಲಿನ ಲಿಂಕ್ ಬರುವ ತನಕ ಕಾಯಬೇಕು, ಡಿಎಚ್‌ಸಿಪಿಯನ್ನು ಎರಡನೇ ಸಲ ಕೇಳಬೇಕು, ಆಮೇಲೆ ಎನ್‌ಎಫ್‌ಎಸ್ ಸರ್ವರನ್ನು ಮುಟ್ಟಬೇಕು. ರೂಟ್ ಸಿಗುವ ಮೊದಲು ಇಷ್ಟೆಲ್ಲ ಆಗಬೇಕಿರುವುದರಿಂದ, ರೂಟ್‌ನಲ್ಲಿ ಕುಳಿತ ಮಾಡ್ಯೂಲುಗಳಿಂದ (ಬೇಕಾದಾಗ ಲೋಡ್ ಆಗುವ ಕರ್ನಲ್ ತುಣುಕುಗಳಿಂದ) ಇಲ್ಲಿ ಏನೂ ಸಹಾಯವಿಲ್ಲ. ಬೇಕಾದದ್ದು ಕರ್ನಲಿನ ಒಳಗಿರಬೇಕು, ಇಲ್ಲವೇ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿರಬೇಕು. ಮುಂದಿನ ಉತ್ತರಗಳಲ್ಲಿ ಹೆಚ್ಚಿನವು ಈ ಒಂದು ಮಾತಿನಿಂದಲೇ ಹುಟ್ಟಿದವು.

ಡಿಸ್ಟ್ರಿಬ್ಯೂಷನ್ ಕೊಟ್ಟ ಕರ್ನಲ್ ಸಾಲದೇ? ನಾವೇ ಏಕೆ ಕಟ್ಟಬೇಕು?

ಸಾಲುತ್ತದೆ, ಇನಿಟ್‌ರಾಮ್‌ಎಫ್‌ಎಸ್ ಜೊತೆಗಿದ್ದರೆ. ಅದನ್ನು ಕಟ್ಟಿಕೊಡುವ ಡ್ರಾಕಟ್ ಮತ್ತು ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ಎರಡಕ್ಕೂ ಎನ್‌ಎಫ್‌ಎಸ್ ರೂಟ್ ಮೌಂಟ್ ಮಾಡಲು ಬರುತ್ತದೆ. ಬಗೆಬಗೆಯ ಮಷೀನುಗಳಿದ್ದರೆ ಆ ದಾರಿಯೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಒಂದೇ ಮಾದರಿಯ ಯಂತ್ರಗಳು ಹಲವಾರಿದ್ದಾಗ, ಎಂಬೆಡೆಡ್ ಬೋರ್ಡ್ ಮೇಲೆ ಕೆಲಸ ಮಾಡುವಾಗ, ಅಥವಾ ಕರ್ನಲನ್ನೇ ತಿದ್ದಿ ತಿದ್ದಿ ಪರೀಕ್ಷಿಸುವಾಗ ಮಾತ್ರ ಸ್ವಂತ ಕರ್ನಲಿನ ಸುಖವೇ ಬೇರೆ. ಬೂಟ್ ಆಗಲು ಒಂದೇ ಫೈಲ್ ಸಾಕು. ಒಂದು ಸಾಲು ತಿದ್ದಿ, ಮೇಕ್ ಕೊಟ್ಟು, ಹೊಸ ಇಮೇಜನ್ನು ಟಿಎಫ್‌ಟಿಪಿ ಡೈರೆಕ್ಟರಿಗೆ ಹಾಕಿ, ಎದುರಿನ ಬೋರ್ಡನ್ನು ರೀಸೆಟ್ ಮಾಡಿದರೆ ಆಯಿತು.

ಕಡ್ಡಾಯವಾಗಿ ಬೇಕಾದ ಆಯ್ಕೆಗಳು ಯಾವುವು?

ಇನಿಟ್‌ರಾಮ್‌ಎಫ್‌ಎಸ್ ಇಲ್ಲದೆ ಬೂಟ್ ಮಾಡುವುದಾದರೆ ಇವೆಲ್ಲ ವೈ (ಕರ್ನಲಿನ ಒಳಗೇ) ಆಗಿರಬೇಕು, ಎಂ (ಮಾಡ್ಯೂಲ್) ಆಗಿರಬಾರದು:

- ಕಾನ್ಫಿಗ್_ಐಪಿ_ಪಿಎನ್‌ಪಿ: ಕರ್ನಲ್ ಮಟ್ಟದಲ್ಲೇ ಐಪಿ ವಿಳಾಸ ಹೊಂದಿಸಿಕೊಳ್ಳುವುದು
- ಕಾನ್ಫಿಗ್_ಐಪಿ_ಪಿಎನ್‌ಪಿ_ಡಿಎಚ್‌ಸಿಪಿ: ಆ ವಿಳಾಸವನ್ನು ಡಿಎಚ್‌ಸಿಪಿಯಿಂದ ಪಡೆಯುವುದು
- ಕಾನ್ಫಿಗ್_ಎನ್‌ಎಫ್‌ಎಸ್_ಎಫ್‌ಎಸ್ ಮತ್ತು ಕಾನ್ಫಿಗ್_ಎನ್‌ಎಫ್‌ಎಸ್_ವಿ3: ಎನ್‌ಎಫ್‌ಎಸ್ ಕ್ಲೈಂಟ್
- ಕಾನ್ಫಿಗ್_ರೂಟ್_ಎನ್‌ಎಫ್‌ಎಸ್: ರೂಟ್ ಅನ್ನೇ ಎನ್‌ಎಫ್‌ಎಸ್‌ನಿಂದ ಮೌಂಟ್ ಮಾಡುವುದು
- ನಿಮ್ಮ ನೆಟ್‌ವರ್ಕ್ ಕಾರ್ಡಿನ ಡ್ರೈವರ್, ಬೋರ್ಡ್‌ಗಳಲ್ಲಿ ಕೇಬಲಿನ ಸಂಕೇತ ನೋಡಿಕೊಳ್ಳುವ ಅದರ ಫೈ ಚಿಪ್ಪಿನ ಡ್ರೈವರ್ ಕೂಡ
- ಕಾನ್ಫಿಗ್_ಡೆವ್‌ಟಿಎಂಪಿಎಫ್‌ಎಸ್ ಮತ್ತು ಕಾನ್ಫಿಗ್_ಡೆವ್‌ಟಿಎಂಪಿಎಫ್‌ಎಸ್_ಮೌಂಟ್

ಕೊನೆಯದನ್ನು ಹಲವರು ಬಿಟ್ಟುಬಿಡುತ್ತಾರೆ. ರೂಟ್ ಸಿಕ್ಕಿಯೂ ಆರಂಭಿಕ ಕನ್ಸೋಲ್ ತೆರೆಯಲಾಗಲಿಲ್ಲ ಎಂಬ ಎಚ್ಚರಿಕೆ ಬಂದು ಪರದೆ ಸ್ತಬ್ಧವಾದರೆ, ಡೆವ್ ಡೈರೆಕ್ಟರಿ ಖಾಲಿ ಇದೆ ಎಂದರ್ಥ. ಡೆವ್‌ಟಿಎಂಪಿಎಫ್‌ಎಸ್_ಮೌಂಟ್ ಇದ್ದರೆ, ರೂಟ್ ಮೌಂಟ್ ಆದೊಡನೆ ಕರ್ನಲ್ ತಾನೇ ಅದನ್ನು ತುಂಬುತ್ತದೆ.

"ರೂಟ್ ಫೈಲ್ ಸಿಸ್ಟಮ್ ಆನ್ ಎನ್‌ಎಫ್‌ಎಸ್" ಮೆನುವಿನಲ್ಲಿ ಕಾಣುತ್ತಲೇ ಇಲ್ಲವಲ್ಲ?

ಅದು ಎರಡು ಷರತ್ತುಗಳ ಹಿಂದೆ ಅಡಗಿರುತ್ತದೆ. ಎನ್‌ಎಫ್‌ಎಸ್ ಕ್ಲೈಂಟ್ ಮಾಡ್ಯೂಲ್ ಆಗಿರದೆ ವೈ ಆಗಿರಬೇಕು. ಐಪಿ_ಪಿಎನ್‌ಪಿ ಕೂಡ ಆನ್ ಆಗಿರಬೇಕು. ಇವೆರಡು ಇರುವುದು ಬೇರೆ ಬೇರೆ ಮೆನುಗಳಲ್ಲಿ. ಮೊದಲು ನೆಟ್‌ವರ್ಕಿಂಗ್ ಆಯ್ಕೆಗಳಿಗೆ ಹೋಗಿ, ಟಿಸಿಪಿ/ಐಪಿ ಕೆಳಗೆ ಕರ್ನಲ್ ಮಟ್ಟದ ಆಟೋಕಾನ್ಫಿಗರೇಷನ್ ಹಾಕಿ. ಆಮೇಲೆ ಫೈಲ್ ಸಿಸ್ಟಮ್ ಮೆನುವಿನ ನೆಟ್‌ವರ್ಕ್ ಫೈಲ್ ಸಿಸ್ಟಮ್ ವಿಭಾಗಕ್ಕೆ ಬಂದರೆ ಕಾಣಿಸುತ್ತದೆ.

ಸ್ಕ್ರಿಪ್ಟ್ಸ್/ಕಾನ್ಫಿಗ್ ಬಳಸಿ ಕಮ್ಯಾಂಡ್ ಲೈನಿನಿಂದಲೇ ಆಯ್ಕೆ ಹಾಕುವವರಿಗೆ ಇದೇ ಅಪಾಯ ಇನ್ನೊಂದು ರೂಪದಲ್ಲಿದೆ. ಆ ಸ್ಕ್ರಿಪ್ಟ್ ಷರತ್ತುಗಳನ್ನು ನೋಡುವುದೇ ಇಲ್ಲ, ಹೇಳಿದ್ದನ್ನು ಬರೆದುಬಿಡುತ್ತದೆ. ಅದರ ಬೆನ್ನಿಗೆ ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್ ಕೊಟ್ಟಾಗ ಷರತ್ತು ಈಡೇರದ ಆಯ್ಕೆ ಸದ್ದಿಲ್ಲದೆ ಮಾಯವಾಗುತ್ತದೆ. ಆದ್ದರಿಂದ ಕಂಪೈಲ್ ಮಾಡುವ ಮುನ್ನ ಡಾಟ್ ಕಾನ್ಫಿಗ್ ಫೈಲಿನಲ್ಲಿ ರೂಟ್_ಎನ್‌ಎಫ್‌ಎಸ್ ಎಂದು ಗ್ರೆಪ್ ಮಾಡಿ, ವೈ ಎಂದಿರುವುದನ್ನು ಕಣ್ಣಾರೆ ನೋಡಿ.

ಕಾನ್ಫಿಗ್ ಎಲ್ಲಿಂದ ಶುರು ಮಾಡಲಿ?

ಮೇಕ್ ಡೆಫ್‌ಕಾನ್ಫಿಗ್‌ನಿಂದ. ಎಕ್ಸ್86ರ 64 ಬಿಟ್ ಡೆಫ್‌ಕಾನ್ಫಿಗ್‌ನಲ್ಲಿ ಐಪಿ_ಪಿಎನ್‌ಪಿ, ರೂಟ್_ಎನ್‌ಎಫ್‌ಎಸ್ ಎರಡೂ ಮೊದಲೇ ಆನ್ ಆಗಿರುತ್ತವೆ, ಆರ್ಮ್64ರಲ್ಲೂ ಅಷ್ಟೇ. ಇಂಟೆಲ್‌ನ ಇ1000ಇ, ರಿಯಲ್‌ಟೆಕ್‌ನ ಆರ್8169 ತರಹದ ಸಾಮಾನ್ಯ ಡ್ರೈವರುಗಳೂ ಎಕ್ಸ್86 ಡೆಫ್‌ಕಾನ್ಫಿಗ್‌ನಲ್ಲಿ ಒಳಗೇ ಇವೆ. ನಿಮ್ಮ ಕಾರ್ಡ್ ಬೇರೆಯದಾದರೆ ಅದೊಂದನ್ನು ಸೇರಿಸಿದರೆ ಮುಗಿಯಿತು.

ಡಿಸ್ಟ್ರಿಬ್ಯೂಷನ್ನಿನ ಕಾನ್ಫಿಗ್ ಎತ್ತಿಕೊಂಡು ಶುರು ಮಾಡುವುದನ್ನು ನಾನು ಸಲಹೆ ಮಾಡುವುದಿಲ್ಲ. ಅದರಲ್ಲಿ ಬಹುತೇಕ ಎಲ್ಲವೂ ಎಂ. ಕಂಪೈಲ್ ಆಗಲು ಬಹಳ ಹೊತ್ತು ಹಿಡಿಯುತ್ತದೆ, ಕೊನೆಗೂ ಬೇಕಾದದ್ದು ಒಳಗಿರುವುದಿಲ್ಲ. ಹಾಗೆ ಮಾಡಲೇಬೇಕಿದ್ದರೆ, ಬೂಟ್ ಆಗಬೇಕಾದ ಮಷೀನಿನ ಮೇಲೆಯೇ ಒಂದು ಲೈವ್ ಸಿಸ್ಟಮ್ ಓಡಿಸಿ ಮೇಕ್ ಲೋಕಲ್‌ಯೆಸ್‌ಕಾನ್ಫಿಗ್ ಕೊಡಿ. ಆ ಹೊತ್ತಿಗೆ ಲೋಡ್ ಆಗಿರುವ ಮಾಡ್ಯೂಲುಗಳನ್ನು ಅದು ಒಳಗೆ ಸೇರಿಸಿ, ಉಳಿದವನ್ನು ಕೈಬಿಡುತ್ತದೆ. ಹೆಸರಿನಲ್ಲಿ ಹತ್ತಿರವಿರುವ ಲೋಕಲ್‌ಮಾಡ್‌ಕಾನ್ಫಿಗ್ ಬೇರೆ. ಅದು ಅವನ್ನು ಮಾಡ್ಯೂಲುಗಳಾಗಿಯೇ ಉಳಿಸುತ್ತದೆ.

ನನ್ನ ಕಾರ್ಡಿಗೆ ಯಾವ ಡ್ರೈವರ್ ಬೇಕೆಂದು ತಿಳಿಯುವುದು ಹೇಗೆ?

ಯಾವುದಾದರೂ ಲೈವ್ ಸಿಸ್ಟಮ್‌ನಲ್ಲಿ ಎಲ್‌ಎಸ್‌ಪಿಸಿಐ ಕಮ್ಯಾಂಡನ್ನು ಹೈಫನ್ ಎನ್‌ಎನ್‌ಕೆ ಜೊತೆ ಓಡಿಸಿ. ಈಥರ್ನೆಟ್ ಕಂಟ್ರೋಲರ್ ಸಾಲಿನ ಕೆಳಗೆ ಬಳಕೆಯಲ್ಲಿರುವ ಡ್ರೈವರಿನ ಹೆಸರು ಇರುತ್ತದೆ. ವರ್ಚುವಲ್ ಮಷೀನಾದರೆ ವರ್ಟಿಯೋ_ನೆಟ್ ಒಂದೇ ಸಾಲದು, ವರ್ಟಿಯೋ_ಪಿಸಿಐ ಕೂಡ ಒಳಗಿರಬೇಕು.

ಡ್ರೈವರ್ ಒಳಗಿದ್ದೂ ಕಾರ್ಡ್ ಏಳದಿದ್ದರೆ ಫರ್ಮ್‌ವೇರ್ ಮೇಲೆ ಅನುಮಾನಪಡಿ. ಬ್ರಾಡ್‌ಕಾಮ್‌ನ ಬಿಎನ್‌ಎಕ್ಸ್2 ಇದಕ್ಕೆ ಒಳ್ಳೆಯ ಉದಾಹರಣೆ: ಫರ್ಮ್‌ವೇರ್ ಫೈಲ್ ಸಿಗದೆ ಅದು ಕೆಲಸ ಮಾಡುವುದಿಲ್ಲ. ಆ ಫೈಲ್ ಇರುವುದು ಇನ್ನೂ ಮೌಂಟ್ ಆಗದ ರೂಟ್‌ನಲ್ಲಿ! ಪರಿಹಾರ ಕಾನ್ಫಿಗ್_ಎಕ್ಸ್‌ಟ್ರಾ_ಫರ್ಮ್‌ವೇರ್. ಅಲ್ಲಿ ಫೈಲಿನ ಹೆಸರು ಕೊಟ್ಟರೆ ಅದು ಕರ್ನಲಿನೊಳಗೇ ಸೇರಿಕೊಳ್ಳುತ್ತದೆ. ಡಿಸ್ಟ್ರಿಬ್ಯೂಷನ್ನುಗಳು ಈಗ ಫರ್ಮ್‌ವೇರ್ ಫೈಲುಗಳನ್ನು ಎಕ್ಸ್‌ಝಡ್ ಅಥವಾ ಝಡ್‌ಸ್ಟ್ಯಾಂಡರ್ಡ್‌ನಲ್ಲಿ ಕುಗ್ಗಿಸಿ ಇಡುವುದುಂಟು. ಸೇರಿಸುವ ಮೊದಲು ಬಿಚ್ಚಿಡಿ.

ಕಟ್ಟುವ ಕ್ರಮ ಹೇಗೆ? ಫೈಲುಗಳನ್ನು ಎಲ್ಲಿಡಬೇಕು?

ಜಿಸಿಸಿ, ಮೇಕ್, ಬಿಸಿ, ಎಲ್ಫ್ ಲೈಬ್ರರಿಯ ಹೆಡರ್‌ಗಳು, ಓಪನ್‌ಎಸ್‌ಎಸ್‌ಎಲ್ ಹೆಡರ್‌ಗಳು ಬೇಕು, 4.16ರಿಂದ ಈಚೆಗೆ ಫ್ಲೆಕ್ಸ್ ಮತ್ತು ಬೈಸನ್ ಕೂಡ. ಮೇಕ್ ಜೊತೆ ಹೈಫನ್ ಜೆ ಕೊಟ್ಟು ಕೋರ್‌ಗಳ ಸಂಖ್ಯೆ ಹಾಕಿ. ಮುಗಿದ ಮೇಲೆ ಆರ್ಚ್/ಎಕ್ಸ್86/ಬೂಟ್ ಒಳಗೆ ಬಿಝಡ್‌ಇಮೇಜ್ ಸಿಗುತ್ತದೆ. ಅದನ್ನು ಟಿಎಫ್‌ಟಿಪಿ ಡೈರೆಕ್ಟರಿಗೆ ನಕಲು ಮಾಡಿ.

ಉಳಿದ ಮಾಡ್ಯೂಲುಗಳು ಹೋಗಬೇಕಾದ್ದು ಕ್ಲೈಂಟಿನ ರೂಟ್‌ಗೆ, ನೀವು ಕುಳಿತಿರುವ ಮಷೀನಿನ ಲಿಬ್ ಡೈರೆಕ್ಟರಿಗಲ್ಲ. ಮೇಕ್ ಮಾಡ್ಯೂಲ್ಸ್_ಇನ್‌ಸ್ಟಾಲ್ ಕೊಡುವಾಗ ಇನ್‌ಸ್ಟಾಲ್_ಮಾಡ್_ಪಾತ್ ಎಂಬುದಕ್ಕೆ ಎನ್‌ಎಫ್‌ಎಸ್ ರೂಟ್‌ನ ದಾರಿ ಕೊಡಿ. ಕರ್ನಲ್ ಹೊಸದು, ಮಾಡ್ಯೂಲುಗಳು ಹಳೆಯವು ಎಂಬ ಸ್ಥಿತಿ ಬಂದರೆ ಬೂಟ್ ಏನೋ ಆಗುತ್ತದೆ, ಆದರೆ ಧ್ವನಿ, ಯುಎಸ್‌ಬಿ ಮುಂತಾದವು ಒಂದೊಂದಾಗಿ ಕೈಕೊಡುತ್ತವೆ.

ಕರ್ನಲ್ ಕಮ್ಯಾಂಡ್ ಲೈನ್‌ನಲ್ಲಿ ಏನು ಬರೆಯಬೇಕು?

ಕನಿಷ್ಠ ಇಷ್ಟು:

ರೂಟ್=/ಡೆವ್/ಎನ್‌ಎಫ್‌ಎಸ್ ಎನ್‌ಎಫ್‌ಎಸ್‌ರೂಟ್=192.168.1.5:/ಎಸ್‌ಆರ್‌ವಿ/ರೂಟ್,ವರ್ಸ್=3,ಟಿಸಿಪಿ ಐಪಿ=ಡಿಎಚ್‌ಸಿಪಿ ಆರ್‌ಡಬ್ಲ್ಯೂ

ಡೆವ್ ಕೆಳಗೆ ಎನ್‌ಎಫ್‌ಎಸ್ ಎಂಬ ಸಾಧನ ಎಲ್ಲೂ ಇಲ್ಲ. ಅದು ಕರ್ನಲಿಗೆ ಕೊಡುವ ಸೂಚನೆ ಮಾತ್ರ. ವರ್ಸ್=3 ಮತ್ತು ಟಿಸಿಪಿಯನ್ನು ಬಾಯಿಬಿಟ್ಟು ಹೇಳುವುದು ಒಳ್ಳೆಯದು. ಹೇಳದಿದ್ದರೆ ಹಲವು ಕರ್ನಲ್‌ಗಳು ಹಳೆಯ 2ನೇ ಆವೃತ್ತಿಯಲ್ಲಿ ಕೇಳುತ್ತವೆ, ಇಂದಿನ ಸರ್ವರುಗಳು ಅದಕ್ಕೆ ಓಗೊಡುವುದಿಲ್ಲ. ಐಪಿ=ಡಿಎಚ್‌ಸಿಪಿಯನ್ನೂ ಬಿಡಬೇಡಿ.

ಡಿಎಚ್‌ಸಿಪಿ ಬೇಡವೆಂದರೆ ಐಪಿ= ನಂತರ ಕೋಲನ್‌ಗಳ ನಡುವೆ ಎಲ್ಲವನ್ನೂ ಬರೆಯಬಹುದು. ಕ್ರಮ ಹೀಗೆ: ಕ್ಲೈಂಟ್ ವಿಳಾಸ, ಸರ್ವರ್ ವಿಳಾಸ, ಗೇಟ್‌ವೇ, ನೆಟ್‌ಮಾಸ್ಕ್, ಹೋಸ್ಟ್ ಹೆಸರು, ಇಂಟರ್‌ಫೇಸ್, ಆಟೋಕಾನ್ಫಿಗರೇಷನ್ ವಿಧಾನ. ಇಂಟರ್‌ಫೇಸ್ ಜಾಗದಲ್ಲಿ ಈಥ್0 ಎಂದೇ ಬರೆಯಿರಿ. ನೀವು ದಿನವೂ ನೋಡುವ ಇಎನ್‌ಪಿ3ಎಸ್0 ತರಹದ ಹೆಸರು ಇಡುವುದು ಸಾಧನಗಳನ್ನು ನೋಡಿಕೊಳ್ಳುವ ಯುಡೆವ್ ಎಂಬ ಪ್ರೋಗ್ರಾಂ; ಈ ಹೊತ್ತಿಗೆ ಅದು ಇನ್ನೂ ಹುಟ್ಟಿರುವುದಿಲ್ಲ.

ಎಲ್ಲ ಸರಿಯಿದ್ದೂ ಎನ್‌ಎಫ್‌ಎಸ್‌ರೂಟ್ ಅನ್ನು ಕರ್ನಲ್ ಕಡೆಗಣಿಸುತ್ತದೆ, ಏಕೆ?

ಬೂಟ್‌ಲೋಡರ್ ಕಾನ್ಫಿಗ್‌ನಲ್ಲಿ ಇನಿಟ್‌ರಾಮ್‌ಎಫ್‌ಎಸ್ ಸಾಲು ಉಳಿದುಕೊಂಡಿದೆಯೇ ನೋಡಿ. ಇನಿಟ್‌ರಾಮ್‌ಎಫ್‌ಎಸ್ ಒಳಗೆ ಇನಿಟ್ ಎಂಬ ಪ್ರೋಗ್ರಾಂ ಕಂಡರೆ ಕರ್ನಲ್ ಅದನ್ನು ಓಡಿಸಿ ಕೈತೊಳೆದುಕೊಳ್ಳುತ್ತದೆ. ರೂಟ್ ಮೌಂಟ್ ಮಾಡುವ ಗೋಜಿಗೆ ತಾನು ಹೋಗುವುದಿಲ್ಲ. ಆಗ ರೂಟ್= ಸಾಲನ್ನು ಓದುವುದು ಡ್ರಾಕಟ್ ಅಥವಾ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್, ಮತ್ತು ಅವುಗಳ ವ್ಯಾಕರಣ ಬೇರೆ. ಎರಡರಲ್ಲಿ ಒಂದು ದಾರಿ ಹಿಡಿಯಿರಿ; ಬೆರೆಸಿದರೆ ಯಾರು ಏನು ಮಾಡಿದರೆಂದು ತಿಳಿಯುವುದೇ ಕಷ್ಟ.

ಪಿಎಕ್ಸ್‌ಇಲಿನಕ್ಸ್ ಬೂಟ್‌ಲೋಡರ್ ನನ್ನ ಕಾನ್ಫಿಗ್ ಫೈಲನ್ನು ಹುಡುಕುವುದು ಹೇಗೆ?

ಮೊದಲು ಮಷೀನಿನ ಯುಯುಐಡಿ ಹೆಸರಿನಲ್ಲಿ, ಆಮೇಲೆ ಮ್ಯಾಕ್ ವಿಳಾಸದ ಹೆಸರಿನಲ್ಲಿ (ಮುಂದೆ 01 ಸೇರಿಸಿ, ಕೋಲನ್ ಬದಲು ಹೈಫನ್, ಎಲ್ಲ ಸಣ್ಣಕ್ಷರ), ಆಮೇಲೆ ಐಪಿ ವಿಳಾಸದ ಹೆಕ್ಸ್ ರೂಪದಲ್ಲಿ. 192.168.1.10 ಎಂಬುದು ಸಿ0ಎ8010ಎ ಆಗುತ್ತದೆ. ಸಿಗದಿದ್ದರೆ ಹಿಂದಿನಿಂದ ಒಂದೊಂದೇ ಅಂಕಿ ಬಿಡುತ್ತಾ ಬಂದು, ಕೊನೆಗೆ ಡೀಫಾಲ್ಟ್ ಎಂಬ ಫೈಲ್. ಟಿಎಫ್‌ಟಿಪಿ ಸರ್ವರಿನ ಲಾಗ್‌ನಲ್ಲಿ ಫೈಲ್ ಸಿಗಲಿಲ್ಲ ಎಂಬ ಸಾಲುಗಳ ಮೆರವಣಿಗೆ ಕಂಡು ಗಾಬರಿಯಾಗಬೇಡಿ, ಅದು ಸಹಜ. ಪಿಎಕ್ಸ್‌ಇಲಿನಕ್ಸ್ ಸೇರಿರುವ ಸಿಸ್‌ಲಿನಕ್ಸ್ 5ರಿಂದ ಎಲ್‌ಡಿಲಿನಕ್ಸ್.ಸಿ32 ಕೂಡ ಪಕ್ಕದಲ್ಲೇ ಇರಬೇಕು.

ಟಿಎಫ್‌ಟಿಪಿ ತುಂಬಾ ನಿಧಾನ. ಬೇರೆ ದಾರಿ ಇದೆಯೇ?

ಟಿಎಫ್‌ಟಿಪಿ ಒಂದು ಬ್ಲಾಕ್ ಕಳಿಸಿ, ತಲುಪಿತೆಂಬ ಉತ್ತರಕ್ಕೆ ಕಾದು, ಆಮೇಲೆ ಮುಂದಿನದನ್ನು ಕಳಿಸುತ್ತದೆ. ಮೂಲ ಬ್ಲಾಕ್ ಗಾತ್ರ 512 ಬೈಟ್, ಬ್ಲಾಕ್ ಸಂಖ್ಯೆಗೆ 16 ಬಿಟ್. ಹಾಗಾಗಿ ಸುಮಾರು 32 ಎಂಬಿ ದಾಟಿದ ಫೈಲು ಹಳೆಯ ಸರ್ವರುಗಳಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಬ್ಲಾಕ್ ಗಾತ್ರ ಹೆಚ್ಚಿಸುವ ಆಯ್ಕೆಯನ್ನು 1998ರ ಆರ್‌ಎಫ್‌ಸಿ 2348 ವಿವರಿಸುತ್ತದೆ. ಬರಿಯ ಕರ್ನಲ್ ಮಾತ್ರ ಇಳಿಸುವಾಗ ಇದು ತಲೆನೋವಲ್ಲ. ದೊಡ್ಡ ಇನಿಟ್‌ರಾಮ್‌ಎಫ್‌ಎಸ್ ಇದ್ದರೆ ಐಪಿಎಕ್ಸ್‌ಇ ಎಂಬ ಬೂಟ್‌ಲೋಡರ್ ಹಾಕಿ, ಎಚ್‌ಟಿಟಿಪಿಯಿಂದ ಇಳಿಸಿ. ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿರುತ್ತದೆ.

ಯುಇಎಫ್‌ಐ ಮಷೀನಿಗೆ ಏನು ಬದಲಾಗುತ್ತದೆ?

ಬೂಟ್‌ಲೋಡರ್ ಫೈಲ್ ಬದಲಾಗುತ್ತದೆ. ಬಯೋಸ್‌ಗೆ ಕೊಡುವ ಪಿಎಕ್ಸ್‌ಇಲಿನಕ್ಸ್.0 ಇಲ್ಲಿ ನಡೆಯದು. ಗ್ರಬ್ ಅಥವಾ ಐಪಿಎಕ್ಸ್‌ಇಯ ಇಎಫ್‌ಐ ಫೈಲ್ ಬೇಕು. ಎರಡೂ ಬಗೆಯ ಮಷೀನುಗಳಿದ್ದರೆ ಡಿಎಚ್‌ಸಿಪಿ ಸರ್ವರ್ 93ನೇ ಆಯ್ಕೆಯನ್ನು ನೋಡಿ ತಕ್ಕ ಫೈಲಿನ ಹೆಸರು ಕೊಡಬೇಕು: ಅದರಲ್ಲಿ 0 ಎಂದರೆ ಬಯೋಸ್, 7 ಎಂದರೆ 64 ಬಿಟ್ ಯುಇಎಫ್‌ಐ. ಕಾನ್ಫಿಗ್_ಇಎಫ್‌ಐ_ಸ್ಟಬ್ ಹಾಕಿದರೆ ಕರ್ನಲ್ ತಾನೇ ಒಂದು ಇಎಫ್‌ಐ ಪ್ರೋಗ್ರಾಂ ಆಗುತ್ತದೆ. ಅದರ ಜೊತೆ ಕಾನ್ಫಿಗ್_ಸಿಎಂಡಿಲೈನ್‌ನಲ್ಲಿ ಕಮ್ಯಾಂಡ್ ಲೈನನ್ನೂ ಒಳಗೇ ಬರೆದರೆ ನಡುವೆ ಬೂಟ್‌ಲೋಡರೇ ಬೇಕಿಲ್ಲ. ಸೆಕ್ಯೂರ್ ಬೂಟ್ ಆನ್ ಇದ್ದರೆ ನೀವು ಕಟ್ಟಿದ ಕರ್ನಲಿಗೆ ಆ ಮಷೀನು ನಂಬುವ ಕೀಲಿಯಿಂದ ಸಹಿ ಬೇಕು.

ಕರ್ನಲ್ ಪ್ಯಾನಿಕ್ ಆಗುತ್ತದೆ. ಎಲ್ಲಿ ಹುಡುಕಲಿ?

ಪ್ಯಾನಿಕ್ ಸಾಲಿನ ಕೊನೆಯ ಆವರಣವನ್ನು ಮೊದಲು ನೋಡಿ. ಅನ್‌ನೋನ್-ಬ್ಲಾಕ್(0,255) ಎಂದಿದ್ದರೆ, ರೂಟ್ ಎನ್‌ಎಫ್‌ಎಸ್‌ನಲ್ಲಿದೆ ಎಂಬುದು ಕರ್ನಲಿಗೆ ಅರ್ಥವಾಗಿದೆ, ಆದರೆ ತಲುಪಲಾಗಿಲ್ಲ. (0,0) ಎಂದಿದ್ದರೆ ರೂಟ್= ಹೇಳಿದ್ದೇ ಅರ್ಥವಾಗಿಲ್ಲ. ಹಳೆಯ ಕರ್ನಲ್‌ಗಳು ಎನ್‌ಎಫ್‌ಎಸ್ ಸಿಗದಾಗ ಫ್ಲಾಪಿಯನ್ನು ಹುಡುಕಲು ಹೊರಟು (2,0) ಎಂದು ಸಾಯುತ್ತಿದ್ದವು. ಅಲ್ಲೂ ರೋಗ ನೆಟ್‌ವರ್ಕಿನದ್ದೇ.

ಆಮೇಲೆ ಪರದೆಯನ್ನು ಮೇಲಕ್ಕೆ ಸರಿಸಿ ಐಪಿ-ಕಾನ್ಫಿಗ್ ಎಂದು ಶುರುವಾಗುವ ಸಾಲುಗಳನ್ನು ಓದಿ. ಸೀರಿಯಲ್ ಕನ್ಸೋಲ್ ಇದ್ದರೆ ಇದು ಸಲೀಸು, ಇಲ್ಲದಿದ್ದರೆ ಫೋನಿನಲ್ಲಿ ವಿಡಿಯೋ ತೆಗೆಯಿರಿ. ನೆಟ್‌ವರ್ಕ್ ಸಾಧನ ಯಾವುದೂ ಇಲ್ಲ ಎಂದಿದ್ದರೆ ಡ್ರೈವರ್ ಒಳಗಿಲ್ಲ, ಅಥವಾ ಫರ್ಮ್‌ವೇರ್ ಸಿಕ್ಕಿಲ್ಲ. ನೆಟ್‌ವರ್ಕಿಗಾಗಿ ಇನ್ನೂ 110 ಸೆಕೆಂಡ್ ಕಾಯುತ್ತೇನೆ ಎಂಬಂಥ ಸಾಲು ಬಂದರೆ ಕಾರ್ಡ್ ಸಿಕ್ಕಿದೆ, ಲಿಂಕ್ ಬಂದಿಲ್ಲ: ಕೇಬಲ್, ಸ್ವಿಚ್ ಪೋರ್ಟ್, ಬೋರ್ಡ್ ಆದರೆ ಫೈ ಡ್ರೈವರ್ ನೋಡಿ. ಕರ್ನಲ್ ಒಟ್ಟು 120 ಸೆಕೆಂಡ್ ಕಾಯುತ್ತದೆ.

ಲಿಂಕ್ ಬಂದಿದೆ, ಡಿಎಚ್‌ಸಿಪಿಗೆ ಉತ್ತರವಿಲ್ಲ, ಚುಕ್ಕಿಗಳಷ್ಟೇ ಬೆಳೆಯುತ್ತಿವೆ ಎಂದಾದರೆ ಸ್ವಿಚ್‌ನಲ್ಲಿ ಸ್ಪ್ಯಾನಿಂಗ್ ಟ್ರೀ (ಜಾಲದಲ್ಲಿ ಸುತ್ತು ಆಗದಂತೆ ತಡೆಯುವ ವ್ಯವಸ್ಥೆ) ಓಡುತ್ತಿರಬಹುದು. ಲಿಂಕ್ ಬಂದ ಮೇಲೂ ಆಲಿಸಲು 15, ಕಲಿಯಲು 15 ಸೆಕೆಂಡ್ ಆ ಪೋರ್ಟ್ ಯಾವ ಪ್ಯಾಕೆಟ್ಟನ್ನೂ ದಾಟಿಸುವುದಿಲ್ಲ. ಪಿಎಕ್ಸ್‌ಇ ಈ ಗಂಡಾಂತರ ದಾಟಿ ಬಂದಿತ್ತಲ್ಲ ಎಂದು ಅನಿಸಬಹುದು. ಆದರೆ ಕರ್ನಲ್ ಡ್ರೈವರ್ ಕಾರ್ಡನ್ನು ರೀಸೆಟ್ ಮಾಡಿದಾಗ ಲಿಂಕ್ ಬಿದ್ದು, ಆ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಕ್ಲೈಂಟ್ ಪೋರ್ಟುಗಳಿಗೆ ಈ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಹಾಕಿಸಿ.

ಐಪಿ-ಕಾನ್ಫಿಗ್ ಪೂರ್ತಿಯಾಯಿತು ಎಂದು ಬಂದ ಮೇಲೂ ಪ್ಯಾನಿಕ್ ಆದರೆ, ಅದರ ಕೆಳಗೆ ಬರುವ ರೂಟ್‌ಸರ್ವರ್ ಮತ್ತು ರೂಟ್‌ಪಾತ್ ಎರಡನ್ನು ನೋಡಿ. ರೂಟ್‌ಸರ್ವರ್ ತಪ್ಪಿದ್ದರೆ ಕರ್ನಲ್ ಡಿಎಚ್‌ಸಿಪಿ ಸರ್ವರಿನ ಬಾಗಿಲನ್ನೇ ತಟ್ಟುತ್ತಿದೆ. ಎನ್‌ಎಫ್‌ಎಸ್ ಸರ್ವರಿನ ಲಾಗ್‌ನಲ್ಲಿ /ಟಿಎಫ್‌ಟಿಪಿಬೂಟ್/ ಮತ್ತು ಕ್ಲೈಂಟಿನ ಐಪಿ ಸೇರಿದ ದಾರಿಯನ್ನು ಕೇಳಿದ ದಾಖಲೆ ಕಂಡರೆ, ನಿಮ್ಮ ಎನ್‌ಎಫ್‌ಎಸ್‌ರೂಟ್ ಸಾಲು ಕರ್ನಲಿಗೆ ತಲುಪಿಯೇ ಇಲ್ಲ. ದಾರಿ ಹೇಳದಿದ್ದಾಗ ಅದು ಕೇಳುವುದು ಅದನ್ನೇ. ಇಷ್ಟಕ್ಕೂ ಗೊತ್ತಾಗದಿದ್ದರೆ ಎನ್‌ಎಫ್‌ಎಸ್‌ರೂಟ್‌ಡೀಬಗ್ ಎಂಬ ಪದವನ್ನು ಕಮ್ಯಾಂಡ್ ಲೈನಿಗೆ ಸೇರಿಸಿ.

ಅರ್ಧ ಬೂಟ್ ಆಗಿ, "ಸರ್ವರ್ ಉತ್ತರಿಸುತ್ತಿಲ್ಲ" ಎಂದು ನಿಂತುಬಿಡುತ್ತದೆ. ಕರ್ನಲಿನ ದೋಷವೇ?

ಬಹುಪಾಲು ಸಲ ಅಲ್ಲ. ರೂಟ್ ಸಿಕ್ಕ ಮೇಲೆ ನೆಟ್‌ವರ್ಕ್‌ಮ್ಯಾನೇಜರ್ ಅಥವಾ ಬೇರೆ ಸೇವೆಯೊಂದು ಎದ್ದು, ಇಂಟರ್‌ಫೇಸನ್ನು ಇಳಿಸಿ, ಹೊಸದಾಗಿ ಡಿಎಚ್‌ಸಿಪಿ ಕೇಳಲು ಹೊರಡುತ್ತದೆ. ಇಂಟರ್‌ಫೇಸ್ ಇಳಿದ ಕ್ಷಣ ರೂಟ್ ಹೋಯಿತು. ಅದನ್ನು ಮತ್ತೆ ಏರಿಸಬೇಕಾದ ಪ್ರೋಗ್ರಾಂ ಇರುವುದೂ ಅದೇ ರೂಟ್‌ನಲ್ಲಿ. ಕ್ಲೈಂಟಿನ ರೂಟ್‌ನೊಳಗೆ ಆ ಇಂಟರ್‌ಫೇಸನ್ನು ಮುಟ್ಟಬಾರದೆಂದು ಆ ಸೇವೆಗೆ ಹೇಳಿಡಿ. ಡಿಎನ್‌ಎಸ್ ಸಿಗದಿದ್ದರೆ, ಕರ್ನಲ್ ಪಡೆದ ನೇಮ್‌ಸರ್ವರ್ ವಿವರ ಪ್ರೊಕ್/ನೆಟ್/ಪಿಎನ್‌ಪಿ ಫೈಲಿನಲ್ಲಿದೆ, ರಿಸಾಲ್ವ್.ಕಾನ್ಫ್ ಅನ್ನು ಅದಕ್ಕೆ ಸಿಮ್‌ಲಿಂಕ್ ಮಾಡಬಹುದು.

ಸರ್ವರ್ ಕಡೆ ಎನ್‌ಎಫ್‌ಎಸ್‌ನ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ (ಯಾರಿಗೆ ಏನು ಹಂಚಬೇಕೆಂಬ ಪಟ್ಟಿ) ಏನಿರಬೇಕು?

ಆರ್‌ಡಬ್ಲ್ಯೂ, ನೋ_ರೂಟ್_ಸ್ಕ್ವಾಶ್, ನೋ_ಸಬ್‌ಟ್ರೀ_ಚೆಕ್. ನಡುವಿನದು ಇಲ್ಲದಿದ್ದರೆ ಕ್ಲೈಂಟಿನ ರೂಟ್ ಬಳಕೆದಾರ ಸರ್ವರಿನ ಕಣ್ಣಿಗೆ ಯಾರೂ ಅಲ್ಲದವನಾಗುತ್ತಾನೆ, ಇನಿಟ್‌ಗೆ ತನ್ನದೇ ಫೈಲುಗಳ ಮೇಲೆ ಹಕ್ಕಿರುವುದಿಲ್ಲ. ಆದರೆ ಇದು ಸಣ್ಣ ವಿಷಯವಲ್ಲ. ಟಿಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಎಂಬುದೇ ಇಲ್ಲ, ಎನ್‌ಎಫ್‌ಎಸ್ 3 ಸಾಮಾನ್ಯ ರೂಪದಲ್ಲಿ ಕ್ಲೈಂಟ್ ಹೇಳಿದ ಬಳಕೆದಾರ ಸಂಖ್ಯೆಯನ್ನು ನಂಬುತ್ತದೆ. ಇವನ್ನು ಬೇರೆಯವರ ಸಂಚಾರವಿಲ್ಲದ ಪ್ರತ್ಯೇಕ ನೆಟ್‌ವರ್ಕ್ ಅಥವಾ ವಿಎಲ್ಯಾನ್‌ನಲ್ಲಿಡಿ, ಎಕ್ಸ್‌ಪೋರ್ಟ್ ಸಾಲಿನಲ್ಲಿ ವಿಳಾಸಗಳನ್ನು ಹೆಸರಿಸಿ. ನಕ್ಷತ್ರ ಚಿಹ್ನೆ ಹಾಕಿ ಎಲ್ಲರಿಗೂ ತೆರೆದಿಡಬೇಡಿ.

ಒಂದೇ ರೂಟ್ ಅನ್ನು ಹಲವು ಮಷೀನುಗಳಿಗೆ ಕೊಡಬಹುದೇ?

ಓದಲು ಮಾತ್ರವಾದರೆ ಧಾರಾಳವಾಗಿ. ಎಲ್ಲರೂ ಬರೆಯುವಂತಿದ್ದರೆ ಬೇಡವೇ ಬೇಡ. ಕರ್ನಲ್ ತಾನಾಗಿ ಮಾಡುವ ರೂಟ್ ಮೌಂಟ್‌ನಲ್ಲಿ ಲಾಕ್‌ಗಳು ಸರ್ವರ್ ತನಕ ಹೋಗುವುದಿಲ್ಲ. ಇಬ್ಬರು ಒಂದೇ ಫೈಲಿಗೆ ಬರೆದರೆ ಕಾಯುವವರಿಲ್ಲ. ಎನ್‌ಎಫ್‌ಎಸ್ ರೂಟ್ ಕೆಳಗಿಟ್ಟು ಮೇಲೆ ಟಿಎಂಪಿಎಫ್‌ಎಸ್ ಹಾಸಿ ಓವರ್‌ಲೇಎಫ್‌ಎಸ್ ಮಾಡುವುದು ಚೆಂದದ ಪರಿಹಾರ: ಪ್ರತಿ ಮಷೀನಿನ ಬರಹ ಅದರ ಮೆಮೊರಿಯಲ್ಲೇ ಉಳಿದು, ರೀಬೂಟ್ ಆದಾಗ ಅಳಿಯುತ್ತದೆ. ಮೇಲಿನ ಪದರವಾಗಿ ಎನ್‌ಎಫ್‌ಎಸ್ ಅನ್ನೇ ಇಡಲು ಬರುವುದಿಲ್ಲ. ಈ ಹಾಸುವ ಕೆಲಸಕ್ಕೆ ಇನಿಟ್‌ರಾಮ್‌ಎಫ್‌ಎಸ್ ಇದ್ದರೆ ಅನುಕೂಲ. ಮಷೀನ್-ಐಡಿ, ಎಸ್‌ಎಸ್‌ಎಚ್ ಹೋಸ್ಟ್ ಕೀಲಿಗಳು ಎಲ್ಲ ಮಷೀನುಗಳಲ್ಲೂ ಒಂದೇ ಆಗದಂತೆ ನೋಡಿಕೊಳ್ಳಿ.

ವೈ-ಫೈ ಮೂಲಕ ಆಗುತ್ತದೆಯೇ? ಐಪಿವಿ6?

ಈ ದಾರಿಯಲ್ಲಿ ಎರಡೂ ಇಲ್ಲ. ವೈ-ಫೈಗೆ ಕೀಲಿ ವಿನಿಮಯ ಮಾಡುವ ಪ್ರೋಗ್ರಾಂ ಬೇಕು, ಅದು ಕರ್ನಲಿನಲ್ಲಿಲ್ಲ. ಐಪಿ_ಪಿಎನ್‌ಪಿಗೆ ಗೊತ್ತಿರುವುದು ಐಪಿವಿ4 ಮಾತ್ರ. ಐಸ್ಕಸಿ (ನೆಟ್‌ವರ್ಕ್ ಮೂಲಕ ಡಿಸ್ಕ್ ಬಳಸುವ ವಿಧಾನ) ರೂಟ್‌ಗೂ ಹೊರಗಿನ ಪ್ರೋಗ್ರಾಂ ಬೇಕಾದ್ದರಿಂದ ಇನಿಟ್‌ರಾಮ್‌ಎಫ್‌ಎಸ್ ಅನಿವಾರ್ಯ.

ನಿಜವಾದ ಮಷೀನಿಗೆ ಮೊದಲು ಪರೀಕ್ಷಿಸುವುದು ಹೇಗೆ?

ವರ್ಚುವಲ್ ಮಷೀನು ಓಡಿಸುವ ಕ್ಯೂಇಎಂಯುನಲ್ಲಿ. ಟಿಎಫ್‌ಟಿಪಿಯ ರಗಳೆಯೇ ಇಲ್ಲದೆ, ಹೈಫನ್ ಕರ್ನಲ್ ಎಂದು ಬಿಝಡ್‌ಇಮೇಜನ್ನೂ ಹೈಫನ್ ಅಪೆಂಡ್ ಎಂದು ಕಮ್ಯಾಂಡ್ ಲೈನನ್ನೂ ನೇರವಾಗಿ ಕೊಡಬಹುದು. ಯೂಸರ್ ನೆಟ್‌ವರ್ಕಿಂಗ್‌ನಲ್ಲಿ ನಿಮ್ಮ ಹೋಸ್ಟ್ ಮಷೀನು 10.0.2.2 ಆಗಿ ಕಾಣುತ್ತದೆ, ಎನ್‌ಎಫ್‌ಎಸ್ ಸರ್ವರಿನ ವಿಳಾಸವಾಗಿ ಅದನ್ನೇ ಬರೆಯಿರಿ. ಅನುಮತಿ ಇಲ್ಲ ಎಂದು ಬಂದರೆ ಎಕ್ಸ್‌ಪೋರ್ಟ್ ಸಾಲಿಗೆ ಇನ್‌ಸೆಕ್ಯೂರ್ ಸೇರಿಸಿ, 127.0.0.1ಕ್ಕೆ ಅವಕಾಶ ಕೊಡಿ: ಕ್ಯೂಇಎಂಯು ಕಳಿಸುವ ಕೋರಿಕೆ ಹೋಸ್ಟ್‌ನಿಂದಲೇ ಬಂದಂತೆ, 1024ಕ್ಕಿಂತ ಮೇಲಿನ ಪೋರ್ಟಿನಿಂದ ಬರುತ್ತದೆ, ಎನ್‌ಎಫ್‌ಎಸ್ ಸರ್ವರ್ ಅದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಆ ಪದವನ್ನು ತೆಗೆದು, ಎಕ್ಸ್‌ಪೋರ್ಟ್‌ಎಫ್‌ಎಸ್ ಹೈಫನ್ ಆರ್‌ಎ ಕೊಟ್ಟುಬಿಡಿ.